ಎಳೆಯೆಷ್ಟು, ದಪ್ಪವೆಷ್ಟು?

ದೀಪಾವಳಿ ಕಳೆದು ಕಾರ್ತಿಕದ ಹಣತೆಗಳು ಹೊಸ್ತಿಲ ಮೇಲೆ ಬೆಳಗತೊಡಗಿದವೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲು ನಾಡಿನಲ್ಲಿ ನಸುಕಿನ ಗಾಳಿಗೆ ಒಂದು ಚುರುಕು ಬರುತ್ತದೆ. ಜೋಳದ ಹೊಲಗಳ ಮೇಲಿಂದ ಬೀಸುವ ಆ ಗಾಳಿ ಮಧ್ಯಾಹ್ನದ ಹೊತ್ತಿಗೆ ಎಲ್ಲಿ ಹೋಯಿತೋ ತಿಳಿಯದಂತೆ ಬಿಸಿಲು ಕಾಯುವುದುಂಟು. ಆದರೂ ಬೆಳಗಿನ ಎರಡು ಗಂಟೆ, ಇರುಳಿನ ಎರಡು ಗಂಟೆ ಮೈಮೇಲೆ ಬೆಚ್ಚನೆಯದೊಂದು ಬೇಕೆನಿಸುತ್ತದೆ. ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟ ಸ್ವೆಟರುಗಳು ಹೊರಗೆ ಬರುವುದು ಆಗಲೇ. ಹೆಣಿಗೆ ಬಲ್ಲ ಹೆಣ್ಣುಮಕ್ಕಳ ಕೈಗೆ ಕಡ್ಡಿಗಳು ಬರುವುದೂ ಆಗಲೇ.

ಹೆಣೆಯುವವರು ಸಾಮಾನ್ಯವಾಗಿ ಬಣ್ಣದ ವಿಷಯದಲ್ಲಿ ಬಹಳ ವಿಚಾರ ಮಾಡುತ್ತಾರೆ. ಬಳ್ಳಿ, ಜಾಲರಿ, ಜಡೆಗಳ ವಿನ್ಯಾಸದ ವಿಷಯದಲ್ಲಿ ನೆರೆಮನೆಯವರನ್ನು ಕೇಳುತ್ತಾರೆ. ದಾರದ ದಪ್ಪದ ವಿಷಯದಲ್ಲಿ ಮಾತ್ರ ಅಂಗಡಿಕಾರನ ಮಾತನ್ನು ನಂಬಿಬಿಡುತ್ತಾರೆ. ಎಷ್ಟೋ ಮನೆಗಳಲ್ಲಿ ತಿಂಗಳ ದುಡಿಮೆ ಹಾಳಾಗುವುದು ಈ ಒಂದು ಎಡವಟ್ಟಿನಿಂದ. ಯಾವ ಮನೆಯಲ್ಲಿಯೂ ನಡೆಯಬಹುದಾದ ಅಂಥದೊಂದು ಪ್ರಸಂಗವನ್ನು ಸಿಂದಗಿಯ ಒಂದು ಮನೆಯಲ್ಲಿ ಇರಿಸಿ ನೋಡಬಹುದು.

ಆ ಮನೆಯ ಮಗನಿಗೆ ದೂರದ ಡೆಹರಾಡೂನಿನಲ್ಲಿ ಕೆಲಸ ಸಿಕ್ಕಿದೆ. ಹೊರಡುವುದಕ್ಕೆ ಐದು ವಾರಗಳಿವೆ. ಅಲ್ಲಿಯ ಚಳಿ ಇಲ್ಲಿಯ ಚಳಿಯಲ್ಲವೆಂದು ಕೇಳಿ ತಂಗಿ ತಾನೇ ಒಂದು ಪೂರ್ಣ ತೋಳಿನ ಸ್ವೆಟರ್ ಹೆಣೆದು ಕೊಡಲು ಹೊರಟಳು. ತಾಯಿ ಜೋಪಾನ ಮಾಡಿಟ್ಟಿದ್ದ ಹಳೆಯ ವಾರಪತ್ರಿಕೆಯ ಹಾಳೆಯೊಂದರಲ್ಲಿ ಗಂಡಸರ ಸ್ವೆಟರಿನ ಮಾದರಿ ದೊರೆಯಿತು. ನಾಲ್ಕು ಎಳೆಯ ಉಣ್ಣೆ 400 ಗ್ರಾಂ, 10ನೆಯ ನಂಬರಿನ ಕಡ್ಡಿ, ಬೆನ್ನಿಗೆ 134 ಕುಣಿಕೆ ಎಂದು ಅದರಲ್ಲಿ ಬರೆದಿತ್ತು. ವಿಜಯಪುರದ ಬಜಾರದಲ್ಲಿ ನಾಲ್ಕು ಎಳೆಯ ದಾರವನ್ನೇ ಕೇಳಿ, ಎಳೆಯನ್ನು ಬಿಡಿಸಿ ಎಣಿಸಿ ನೋಡಿ, ನೀಲಿ ಬಣ್ಣದ್ದನ್ನು ಕೊಂಡು ತಂದಳು. ಎಳೆಗಳು ನಾಲ್ಕೇ ಇದ್ದವು. ಅಂಗಡಿಕಾರ ಸುಳ್ಳು ಹೇಳಿರಲಿಲ್ಲ.

ಎರಡು ವಾರ ರಾತ್ರಿಯೆಲ್ಲ ಕುಳಿತು ಬೆನ್ನಿನ ಭಾಗ ಮುಗಿಸಿ, ಅಣ್ಣನ ಬೆನ್ನಿಗೆ ಹಿಡಿದು ನೋಡಿದಾಗ ಅದು ಎರಡೂ ಪಕ್ಕೆಗಳಿಂದ ಆಚೆಗೆ ನಿಂತಿತು. ಮಾದರಿಯ ಪ್ರಕಾರ 48 ಸೆಂಟಿಮೀಟರ್ ಅಗಲವಾಗಬೇಕಾದದ್ದು 56 ಸೆಂಟಿಮೀಟರ್ ಆಗಿತ್ತು. ಮುಂಭಾಗವೂ ಹೀಗೆಯೇ ಆದರೆ ಸುತ್ತಳತೆ 96ರ ಬದಲು 112. ಅದಕ್ಕಿಂತ ಹೆಚ್ಚಿನ ದುಃಖದ ಸಂಗತಿಯೆಂದರೆ, ಹೆಣೆದ ಬಟ್ಟೆ ಮೆತ್ತಗಿರದೆ ಚಾಪೆಯಂತೆ ಬಿಗಿದುಕೊಂಡಿತ್ತು. "ಇರಲಿ ಬಿಡು, ಒಳಗ ಎರಡು ಅಂಗಿ ಹಾಕ್ಕೋತೀನಿ" ಎಂದು ಅಣ್ಣ ನಕ್ಕ. ತಂಗಿಗೆ ಕಣ್ಣೀರು ಬಂತು.

ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಎಲ್ಲವನ್ನೂ ನೋಡುತ್ತಿದ್ದರು. ಕುರಿ ಸಾಕುವ ಮನೆತನದಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಕದಿರು ತಿರುವಿ ಕಂಬಳಿಯ ನೂಲು ನೂತವರು. ಕಡ್ಡಿ ಹಿಡಿದು ಹೆಣೆಯುವುದು ಅವರಿಗೆ ಬಾರದು. ಆದರೆ ದಾರವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು ನೋಡಿದವರೇ ಕೇಳಿದರು:

"ಎಳಿ ಎಣಿಸಿದಿ ಖರೆ ಯವ್ವಾ. ಒಂದೊಂದ ಎಳಿ ಎಷ್ಟು ದಪ್ಪ ಐತಿ ಅಂತ ನೋಡಿದೇನ?"

"ಇಲ್ಲ ಆಯೀ. ನಾಕ ಎಳೀದು ಅಂದಮ್ಯಾಲ ಎಲ್ಲಾ ಒಂದ ದಪ್ಪ ಅಲ್ಲೇನು?"

"ನಾಕ ಹುಡುಗೂರು ಅಂದ್ರ ನಾಕೂ ಒಂದ ಎತ್ತರ ಇರ್ತಾರೇನ?"

ಅಜ್ಜಿಯ ಈ ಪ್ರಶ್ನೆಯಲ್ಲಿ ನೂಲಿನ ಶಾಸ್ತ್ರದ ಮೊದಲನೆಯ ಪಾಠವಿದೆ. ಎಳೆಗಳ ಸಂಖ್ಯೆ ಬೇರೆ, ನೂಲಿನ ದಪ್ಪ ಬೇರೆ. ಎಳೆಯೆಂದರೆ ಒಂದು ಸಲ ನೂತ ಒಂಟಿ ನೂಲು. ಅಂಥ ಎರಡನ್ನೋ ಮೂರನ್ನೋ ನಾಲ್ಕನ್ನೋ ಕೂಡಿಸಿ ಹುರಿ ಮಾಡಿದಾಗ ಹೆಣಿಗೆಯ ದಾರವಾಗುತ್ತದೆ. ಬಟ್ಟೆ ಹೊಲಿಯುವ ದಾರವನ್ನು ಬಿಚ್ಚಿ ನೋಡಿದರೆ ಅದರಲ್ಲಿಯೂ ಎರಡು ಅಥವಾ ಮೂರು ಎಳೆಗಳಿರುತ್ತವೆ. ಬಾವಿಯ ಹಗ್ಗದಲ್ಲಿಯೂ ಮೂರೇ ಎಳೆಗಳಿರಬಹುದು. ಆದರೂ ಹಗ್ಗದಿಂದ ಯಾರೂ ಅಂಗಿ ಹೊಲಿಯುವುದಿಲ್ಲ.

ಎಳೆಯನ್ನೇ ದಪ್ಪದ ಅಳತೆಯೆಂದು ಭಾವಿಸುವ ರೂಢಿಗೆ ಕಾರಣವಿಲ್ಲದಿಲ್ಲ. ಹೆಣಿಗೆಯ ಮಾದರಿಗಳು ನಮ್ಮ ದೇಶಕ್ಕೆ ಬಂದದ್ದು ಬಹುಮಟ್ಟಿಗೆ ಇಂಗ್ಲೆಂಡಿನಿಂದ. ಅಲ್ಲಿ ಹಿಂದೆ ಒಂಟಿ ಎಳೆಯ ದಪ್ಪ ಹೆಚ್ಚುಕಡಿಮೆ ನಿಶ್ಚಿತವಾಗಿದ್ದುದರಿಂದ ಎರಡು, ಮೂರು, ನಾಲ್ಕು ಎಳೆ ಎಂದರೆ ದಪ್ಪವೂ ತಾನಾಗಿಯೇ ತಿಳಿಯುತ್ತಿತ್ತು. ನಾಲ್ಕೆಳೆಗಿಂತ ದಪ್ಪನಾದುದನ್ನು ಡಬಲ್ ನಿಟಿಂಗ್ ಎಂದು ಕರೆದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಅದಕ್ಕೇ ಇಂದಿಗೂ ಎಂಟೆಳೆಯೆಂಬ ಹೆಸರಿದೆ. ಮುಂದೆ ಗಿರಣಿಗಳು ಎಳೆಯನ್ನು ಬೇಕಾದಂತೆ ತೆಳ್ಳಗೂ ದಪ್ಪಗೂ ನೂಲತೊಡಗಿದ ಮೇಲೆ ಆ ನಂಟು ಕಡಿದುಹೋಯಿತು. ಇಂದು ಒಂದೇ ಎಳೆಯ ದಾರವೂ ಹೆಬ್ಬೆರಳಷ್ಟು ದಪ್ಪವಾಗಿರಬಹುದು. ಎಂಟು ಎಳೆಗಳ ದಾರವೂ ತೆಳ್ಳಗಿರಬಹುದು. ಹೆಸರು ಉಳಿಯಿತು, ಅರ್ಥ ಹೋಯಿತು. ಸಿಂದಗಿಯ ಹುಡುಗಿ ನಂಬಿದ್ದು ಆ ಹೆಸರನ್ನು.

ಹಾಗಾದರೆ ನೂಲಿನ ದಪ್ಪವನ್ನು ತಿಳಿಯುವ ಬಗೆ ಯಾವುದು? ನೂಲು ಕಬ್ಬಿಣದ ಸಲಾಕೆಯಲ್ಲ. ಅಳತೆಪಟ್ಟಿಯ ಮೇಲಿಟ್ಟು ಅದರ ಅಡ್ಡಗಲ ಹೇಳಲಾಗದು. ಹಿಡಿದರೆ ಹಿಸುಕಿಕೊಳ್ಳುತ್ತದೆ, ಎಳೆದರೆ ಸಣ್ಣಗಾಗುತ್ತದೆ. ಆದುದರಿಂದ ನೇಕಾರರೂ ನೂಲುಗಾರರೂ ಹಿಂದಿನಿಂದಲೂ ದಪ್ಪವನ್ನು ಉದ್ದ ಮತ್ತು ತೂಕಗಳ ಸಂಬಂಧದಿಂದ ಹೇಳುತ್ತ ಬಂದಿದ್ದಾರೆ. ಈ ಲೆಕ್ಕ ಎರಡು ಬಗೆಯದು. ಇಂತಿಷ್ಟು ತೂಕದ ನೂಲು ಎಷ್ಟು ಉದ್ದವಾಗುತ್ತದೆ ಎಂಬುದು ಒಂದು. ಇಂತಿಷ್ಟು ಉದ್ದದ ನೂಲು ಎಷ್ಟು ತೂಗುತ್ತದೆ ಎಂಬುದು ಇನ್ನೊಂದು.

ಮೊದಲನೆಯ ಬಗೆಯನ್ನು ನೋಡಬೇಕಾದರೆ ಮುದ್ದೇಬಿಹಾಳ ತಾಲೂಕಿನ ದಕ್ಷಿಣಕ್ಕೆ ಕೃಷ್ಣೆಯನ್ನು ದಾಟಿ ಇಳಕಲ್ಲಿಗೆ ಹೋಗಬೇಕು. ಅಲ್ಲಿಯ ಸೀರೆಯ ನೇಕಾರನು ನೂಲನ್ನು ನಂಬರಿನಿಂದ ಕೇಳುತ್ತಾನೆ. ಹತ್ತಿಯ ನೂಲಿನ ಲಡಿಗೆ 840 ಗಜ, ಅಂದರೆ ಸುಮಾರು 768 ಮೀಟರ್, ಉದ್ದವೆಂದು ಇಂಗ್ಲಿಷ್ ಪದ್ಧತಿಯಲ್ಲಿ ಗೊತ್ತುಮಾಡಿದೆ. ಒಂದು ಪೌಂಡಿಗೆ, ಅಂದರೆ 453.6 ಗ್ರಾಂ ತೂಕಕ್ಕೆ, ಇಂಥ ಎಷ್ಟು ಲಡಿಗಳು ತೂಗುತ್ತವೆಯೋ ಅದೇ ಆ ನೂಲಿನ ನಂಬರು. 20 ಲಡಿ ತೂಗಿದರೆ 20ನೆಯ ನಂಬರು. 100 ಲಡಿ ತೂಗಿದರೆ 100ನೆಯ ನಂಬರು. 20ನೆಯ ನಂಬರಿನ ಒಂದು ಗ್ರಾಂ ನೂಲು ಸುಮಾರು 34 ಮೀಟರ್ ಉದ್ದವಾದರೆ 40ನೆಯದು ಸುಮಾರು 68 ಮೀಟರ್. ಹಾಗಾಗಿ ಈ ಪದ್ಧತಿಯಲ್ಲಿ ನಂಬರು ಏರಿದಷ್ಟೂ ನೂಲು ತೆಳುವಾಗುತ್ತದೆ. ನುಣುಪು ಉಣ್ಣೆಯ ನೂಲಿಗೂ ಇದೇ ಲೆಕ್ಕ. ಲಡಿಯ ಉದ್ದ ಮಾತ್ರ 560 ಗಜ.

ಎರಡನೆಯ ಬಗೆ ರೇಷ್ಮೆಯದು. 9000 ಮೀಟರ್ ಎಳೆಯ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರ್. ನಮ್ಮ ನಾಡಿನ ಕಚ್ಚಾ ರೇಷ್ಮೆಗೆ 20/22 ಡೆನಿಯರ್ ಎಂಬ ಮಾತು ರೂಢಿಯಲ್ಲಿದೆ. ಇಲ್ಲಿ ಅಂಕೆ ಏರಿದಂತೆ ದಪ್ಪವೂ ಏರುತ್ತದೆ. ಎಲ್ಲ ಬಗೆಯ ನೂಲಿಗೂ ಸಲ್ಲುವಂತೆ ಟೆಕ್ಸ್ ಎಂಬ ಇನ್ನೊಂದು ಮಾನವಿದೆ. 1000 ಮೀಟರ್ ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟು ಟೆಕ್ಸ್.

ಗೃಹಿಣಿಯರಿಗೆ ಈ ಗೊಂದಲವೆಲ್ಲ ಏಕೆಂದು ಕೇಳಬಹುದು. ಗೊಂದಲ ಅವರ ಮನೆಯ ಡಬ್ಬಿಯೊಳಗೇ ಇದೆ. ಹಳೆಯ ಪದ್ಧತಿಯ ಹೆಣಿಗೆ ಕಡ್ಡಿಗಳಲ್ಲಿ ನಂಬರು ಹೆಚ್ಚಾದಷ್ಟೂ ಕಡ್ಡಿ ಸಣ್ಣದು: 8ನೆಯದು 4 ಮಿಲಿಮೀಟರ್ ದಪ್ಪ, 10ನೆಯದು 3.25 ಮಿಲಿಮೀಟರ್. ಇದಕ್ಕೆ ವಿರುದ್ಧವಾಗಿ ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ ದಾರಗಳಿಗೆ 0ಯಿಂದ 7ರವರೆಗೆ ಕೊಟ್ಟಿರುವ ಅಂಕೆಗಳಲ್ಲಿ 0 ಎಂಬುದು ಜಾಲರಿಯ ಅತಿ ತೆಳುವಾದ ದಾರ, 7 ಎಂಬುದು ಎಲ್ಲಕ್ಕಿಂತ ದಪ್ಪನೆಯದು. ಆದಕಾರಣ ಅಂಕೆಯನ್ನು ಕಂಡೊಡನೆ ಅದು ಯಾವ ಪದ್ಧತಿಯ ಅಂಕೆ ಎಂದು ವಿಚಾರಿಸದೆ ಕಡ್ಡಿ ಹಿಡಿಯಬಾರದು.

ಎಲ್ಲಕ್ಕಿಂತ ನಂಬಲರ್ಹವಾದ ಮಾತು ಉಂಡೆಗೆ ಸುತ್ತಿದ ಚೀಟಿಯ ಮೇಲೆ ಸಣ್ಣಕ್ಷರಗಳಲ್ಲಿ ಇರುತ್ತದೆ. ಇಷ್ಟು ಗ್ರಾಂ, ಇಷ್ಟು ಮೀಟರ್ ಎಂಬುದೇ ಆ ಮಾತು. 100 ಗ್ರಾಂ ಉಣ್ಣೆಯ ದಾರ ಸುಮಾರು 400 ಮೀಟರ್ ಇದ್ದರೆ ಅದು ಮಾದರಿಗಳಲ್ಲಿ ಹೇಳುವ ನಾಲ್ಕೆಳೆಯ ದಪ್ಪದ್ದು. 200ರಿಂದ 250 ಮೀಟರ್ ಇದ್ದರೆ ಡಬಲ್ ನಿಟಿಂಗ್. 150ರಿಂದ 180 ಮೀಟರ್ ಇದ್ದರೆ ಇನ್ನೂ ದಪ್ಪ. 100 ಮೀಟರಿನ ಆಸುಪಾಸಿನಲ್ಲಿದ್ದರೆ ಅದು ಬಲು ದಪ್ಪನೆಯ ದಾರ. ಮೀಟರು ಕಡಿಮೆಯಾದಂತೆ ದಾರ ದಪ್ಪವಾಗುತ್ತದೆ ಎಂಬಿಷ್ಟನ್ನು ನೆನಪಿಟ್ಟರೂ ಸಾಕು.

ಸಿಂದಗಿಯ ಹುಡುಗಿ ಕಸದ ಬುಟ್ಟಿಯಿಂದ ಚೀಟಿಯನ್ನು ಹುಡುಕಿ ತೆಗೆದು ನೋಡಿದಳು: 100 ಗ್ರಾಮಿಗೆ 225 ಮೀಟರ್. ಮಾದರಿಗೆ ಬೇಕಾದುದು 400 ಮೀಟರಿನ ದಾರ. ಎಳೆ ನಾಲ್ಕೇ ಆದರೂ ಅದು ಡಬಲ್ ನಿಟಿಂಗ್ ದಪ್ಪದ್ದು.

ಆದರೆ ಈ ಲೆಕ್ಕಕ್ಕೂ ಒಂದು ಮಿತಿಯಿದೆ. ನೂಲಿನ ವಸ್ತು ಬೇರೆಯಾದರೆ ಭಾರವೂ ಬೇರೆ. ಒಂದು ಘನ ಸೆಂಟಿಮೀಟರ್ ಹತ್ತಿಯ ನಾರು ಸುಮಾರು ಒಂದೂವರೆ ಗ್ರಾಂ ತೂಗಿದರೆ ಉಣ್ಣೆ ಸುಮಾರು 1.3 ಗ್ರಾಂ, ಅಕ್ರಿಲಿಕ್ ಸುಮಾರು 1.17 ಗ್ರಾಂ ತೂಗುತ್ತದೆ. ಒಂದೇ ದಪ್ಪದ ಮೂರು ಉಂಡೆಗಳನ್ನು ಒಂದೇ ತೂಕಕ್ಕೆ ಕೊಂಡರೆ ಹತ್ತಿಯದು ಗಿಡ್ಡವಾಗಿಯೂ ಅಕ್ರಿಲಿಕಿನದು ಉದ್ದವಾಗಿಯೂ ಇರುತ್ತದೆ. ಆದುದರಿಂದ ಮೀಟರುಗಳನ್ನು ಹೋಲಿಸುವಾಗ ಉಣ್ಣೆಯನ್ನು ಉಣ್ಣೆಯೊಡನೆ, ಹತ್ತಿಯನ್ನು ಹತ್ತಿಯೊಡನೆ ಹೋಲಿಸುವುದು ಕ್ಷೇಮ.

ಚೀಟಿ ಕಳೆದುಹೋದ ದಾರಕ್ಕೆ ಏನು ಮಾಡಬೇಕು? ಅಜ್ಜಿಯ ಬಳಿ ಅದಕ್ಕೂ ಉಪಾಯವಿತ್ತು. "ಕೋಲಿಗೆ ಸುತ್ತಿ ನೋಡು, ಎಳೀಬ್ಯಾಡ, ಹಂಗ ಮಗ್ಗಲಕ ಮಗ್ಗಲ ಕೂಡಸು" ಎಂದರು. ಹುಡುಗಿ ಶಾಲೆಯ ಅಳತೆಪಟ್ಟಿಗೆ ದಾರವನ್ನು ಒಂದು ಇಂಚಿನಷ್ಟು ಜಾಗದಲ್ಲಿ ಸುತ್ತಿದಳು. ಹೊಸ ದಾರ 12 ಸುತ್ತು ಹಿಡಿಯಿತು. ತಂದೆಯ ಹಳೆಯ ಸ್ವೆಟರಿನಿಂದ ಉಳಿದಿದ್ದ ನಾಲ್ಕೆಳೆಯ ಪುಟ್ಟ ಉಂಡೆಯನ್ನು ಸುತ್ತಿದಾಗ 17 ಸುತ್ತು ಹಿಡಿಯಿತು. ಎರಡು ವಾರಗಳ ಶ್ರಮ ಏಕೆ ಕೆಟ್ಟಿತೆಂಬುದು ಎರಡು ನಿಮಿಷಗಳಲ್ಲಿ ಕಣ್ಣಿಗೆ ಬಿತ್ತು.

ಈ ಪರೀಕ್ಷೆ ಪಾಶ್ಚಾತ್ಯ ಹೆಣಿಗೆಯ ಪುಸ್ತಕಗಳಲ್ಲಿಯೂ ಇದೆ. ದಾರವನ್ನು ಬಿಗಿಯಾಗಿ ಎಳೆದರೆ ಸುತ್ತುಗಳು ಹೆಚ್ಚುತ್ತವೆ, ಸಡಿಲ ಬಿಟ್ಟರೆ ಕಡಿಮೆಯಾಗುತ್ತವೆ; ಒಬ್ಬರ ಎಣಿಕೆ ಇನ್ನೊಬ್ಬರದಕ್ಕೆ ಕೂಡುವುದಿಲ್ಲ. ಆದುದರಿಂದ ಗೊತ್ತಿರುವ ದಾರವೊಂದನ್ನೂ ಗೊತ್ತಿಲ್ಲದ ದಾರವನ್ನೂ ಒಂದೇ ಕೈಯಿಂದ ಸುತ್ತಿ ಹೋಲಿಸುವುದೇ ಇದರ ಸರಿಯಾದ ಉಪಯೋಗ. ಕೈಯಿಂದ ನೂತ ದಾರವಾದರೆ ಒಂದು ಕಡೆ ಸುತ್ತಿ ನಿಲ್ಲಿಸದೆ ಮೂರು ನಾಲ್ಕು ಕಡೆ ಸುತ್ತಿ ನೋಡಬೇಕು.

ಏಕೆಂದರೆ ನೂಲುವವರ ನಿಜವಾದ ಕೌಶಲವಿರುವುದು ಸಮತೆಯಲ್ಲಿ. ಹಂಜಿಯಿಂದ ಬೆರಳು ಬಿಡುವ ಎಳೆ ಮೊದಲಿನಿಂದ ಕೊನೆಯವರೆಗೆ ಒಂದೇ ಹದದಲ್ಲಿರಬೇಕು. ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿಯ ನೆಲದಲ್ಲಿ ಈ ಮಾತನ್ನು ಆಡುವಾಗ ಕದಿರ ರೆಮ್ಮವ್ವೆಯ ನೆನಪಾಗದಿರದು. ಹನ್ನೆರಡನೆಯ ಶತಮಾನದ ಆ ಶರಣೆ ನೂಲುವುದನ್ನೇ ಕಾಯಕ ಮಾಡಿಕೊಂಡಿದ್ದವಳು. ತನ್ನ ವಚನಕ್ಕೆ ಕದಿರು ರಾಟೆಗಳನ್ನೇ ವಸ್ತುವಾಗಿಸಿಕೊಂಡವಳು. ನೂಲು ಹದವಾಗಿ ಬಂದರೆ ಮಾತ್ರ ಕಾಯಕ ಎಂಬ ಎಚ್ಚರ ಇಲ್ಲದ ಕೈಗೆ ಆ ಹೆಸರು ನಿಲ್ಲುತ್ತಿರಲಿಲ್ಲ.

ಇನ್ನು ಎರಡು ತೆಳುದಾರಗಳನ್ನು ಕೂಡಿಸಿ ಹೆಣೆಯುವ ರೂಢಿಯ ವಿಷಯ. ಕೂಡಿಸಿದಾಗ ತೂಕ ಇಮ್ಮಡಿಯಾಗುತ್ತದೆ ನಿಜ. ದಪ್ಪ ಮಾತ್ರ ಇಮ್ಮಡಿಯಾಗದು. ಎರಡು ಎಳೆಗಳು ಒಂದರ ಪಕ್ಕದಲ್ಲೊಂದು ಅಡಕಗೊಂಡು ಹುರಿಯಾಗುವುದರಿಂದ ಅಡ್ಡಗಲ ಸುಮಾರು 1.4 ಪಟ್ಟು ಆಗುತ್ತದೆ. ಆದುದರಿಂದ ಕೂಡಿಸಿದ ದಾರಕ್ಕೆ ಕುಣಿಕೆಗಳನ್ನು ಅರ್ಧಕ್ಕೆ ಇಳಿಸುವವರು ಅಂಗಿಯನ್ನು ಬಿಗಿಯಾಗಿಸಿಕೊಂಡು ಪೇಚಾಡುತ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಕೊನೆಯ ತೀರ್ಪು ಹೇಳುವುದು ಮಾದರಿಯ ತುಂಡು. ಕಡ್ಡಿ, ದಾರ, ಹೆಣೆಯುವ ಕೈ ಈ ಮೂರೂ ಕೂಡಿ ಏನನ್ನು ಕೊಡುತ್ತವೆ ಎಂಬುದು ಹೆಣೆದು ನೋಡಿದ ಹೊರತು ತಿಳಿಯದು. ಸುಮಾರು 15 ಸೆಂಟಿಮೀಟರ್ ಚೌಕದ ತುಂಡನ್ನು ಹೆಣೆದು, ತೊಳೆದು, ಹಿಂಡದೆ ಮಟ್ಟಸವಾಗಿ ಹಾಸಿ ಒಣಗಿಸಬೇಕು. ಅಂಚುಗಳನ್ನು ಬಿಟ್ಟು ನಡುವಿನ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಎಣಿಸಬೇಕು. ನಾಲ್ಕೆಳೆಯ ದಪ್ಪಕ್ಕೆ ಸಾಮಾನ್ಯವಾಗಿ 28 ಕುಣಿಕೆ, ಡಬಲ್ ನಿಟಿಂಗಿಗೆ 22 ಕುಣಿಕೆ ಬರುತ್ತವೆ. ಕುಣಿಕೆ ಹೆಚ್ಚು ಬಂದರೆ ದಪ್ಪ ಕಡ್ಡಿ, ಕಡಿಮೆ ಬಂದರೆ ಸಣ್ಣ ಕಡ್ಡಿ ತೆಗೆದುಕೊಳ್ಳಬೇಕು. ಕಡ್ಡಿಯನ್ನು ಬದಲಿಸಿದರೂ ಬಟ್ಟೆ ಒರಟಾಗಿಯೋ ಜಾಳುಜಾಳಾಗಿಯೋ ಬಂದರೆ ಆ ದಾರ ಆ ಮಾದರಿಗೆ ಸಲ್ಲದೆಂದು ತಿಳಿಯಬೇಕು.

ಸಿಂದಗಿಯ ಹುಡುಗಿ ಓದದೆ ಬಿಟ್ಟಿದ್ದ ಸಾಲು ಇದೇ. ಹಳೆಯ ಹಾಳೆಯ ಕೊನೆಗೆ 10 ಸೆಂಟಿಮೀಟರಿಗೆ 28 ಕುಣಿಕೆ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅವಳ ಬಟ್ಟೆಯಲ್ಲಿ ಇದ್ದುದು 24. ದಪ್ಪ ದಾರವನ್ನು ಸಣ್ಣ ಕಡ್ಡಿಯ ಮೇಲೆ ಬಲವಂತದಿಂದ ಹೆಣೆದುದರಿಂದಲೇ ಅದು ಚಾಪೆಯಂತಾದದ್ದು.

ನೂಲಿನ ದಪ್ಪವನ್ನು ಕುರಿತ ಮಾತು ನಾರಿನ ದಪ್ಪದ ಮಾತಿಲ್ಲದೆ ಪೂರ್ಣವಾಗದು. ಮುದ್ದೇಬಿಹಾಳದ ಕಲ್ಲುನೆಲದಲ್ಲಾಗಲಿ ಇಂಡಿಯ ಭೀಮಾತೀರದಲ್ಲಾಗಲಿ ಮೇಯುವ ನಮ್ಮ ದಖನಿ ಕುರಿಯ ಉಣ್ಣೆ ಒರಟು ಜಾತಿಯದು. ಹೆಂಗಸರು ನೂತು ಗಂಡಸರು ನೇಯ್ದು, ಹುಣಸೆಯ ಬೀಜದ ಸರಿಯನ್ನು ಹಚ್ಚಿ ಬಿರುಸಾಗಿಸಿದ ಕಂಬಳಿಗೆ ಅದಕ್ಕಿಂತ ಯೋಗ್ಯವಾದ ಉಣ್ಣೆ ಇಲ್ಲ. ಮಳೆಯಲ್ಲಿ ಕೊಪ್ಪೆಯಾಗಿ, ಇರುಳಿನಲ್ಲಿ ಹಾಸಿಗೆಯಾಗಿ, ಬಿಸಿಲಿನಲ್ಲಿ ನೆರಳಾಗಿ ಅದು ಕುರಿಗಾರನನ್ನು ಕಾಯುತ್ತದೆ. ಆದರೆ ಅದೇ ಉಣ್ಣೆಯನ್ನು ಎಷ್ಟು ತೆಳ್ಳಗೆ ನೂತು ಹೆಣೆದರೂ ಬರಿಮೈಗೆ ಚುಚ್ಚುತ್ತದೆ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು; 30 ಮೈಕ್ರಾನಿಗಿಂತ ದಪ್ಪನೆಯ ಕೂದಲುಗಳು ನೂಲಿನಲ್ಲಿ ಬಹಳವಾಗಿದ್ದರೆ ಅವುಗಳ ತುದಿ ಬಾಗದೆ ಚರ್ಮವನ್ನು ಕೆರಳಿಸುತ್ತದೆ. ಮೆರಿನೊ ಕುರಿಯ ಉಣ್ಣೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಸಣ್ಣದಾದ ಕಾರಣ ಮೆತ್ತಗಿರುತ್ತದೆ. ಹಸುಗೂಸಿನ ಟೊಪ್ಪಿಗೆಗೆ ದಾರ ಕೊಳ್ಳುವಾಗ ಅದರ ದಪ್ಪವನ್ನು ನೋಡಿದರೆ ಸಾಲದು. ಕೊರಳ ಬಳಿಯ ಚರ್ಮಕ್ಕೆ ತಾಗಿಸಿ ಚುಚ್ಚುತ್ತದೆಯೋ ಇಲ್ಲವೋ ಎಂದೂ ನೋಡಬೇಕು.

ಕೂಸಿನ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ ಅವಶ್ಯ. ಪೇಟೆಯಲ್ಲಿ ಉಲ್ಲನ್ ಎಂದು ಮಾರುವ ದಾರದಲ್ಲಿ ಬಹುಪಾಲು ಅಕ್ರಿಲಿಕ್. ಅದು ಅಗ್ಗ, ಹಗುರ, ತೊಳೆಯಲು ಸುಲಭ. ಆದರೆ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ದಾರದ ಒಂದು ಸಣ್ಣ ತುಣುಕನ್ನು ಚಿಮಟದಲ್ಲಿ ಹಿಡಿದು ಸುಟ್ಟರೆ ಗುರುತು ಸಿಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ತಾನೇ ಆರುತ್ತದೆ, ಅದರ ಬೂದಿ ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿಯಾದ ಕರಿಯ ಮಣಿಯಾಗಿ ಉಳಿಯುತ್ತದೆ. ಬಾಣಂತಿಗೂ ಕೂಸಿಗೂ ಕೆಂಡದ ಕಾವು ಕೊಡುವ ಪದ್ಧತಿ ಇರುವ ಮನೆಗಳಲ್ಲಿ ಅಕ್ರಿಲಿಕಿನ ಕುಲಾವಿ, ಶಾಲುಗಳನ್ನು ಆ ಕೋಣೆಯಿಂದ ದೂರವಿಡುವುದು ಒಳಿತು.

ಹಾಗಾದರೆ ಯಾರಿಗೆ ಎಷ್ಟು ದಪ್ಪದ ದಾರ? ದಪ್ಪನೆಯದೇ ಬೆಚ್ಚಗೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವವಾಗಿ ಮೈಯನ್ನು ಬೆಚ್ಚಗಿಡುವುದು ನೂಲಿನ ಎಳೆಗಳ ನಡುವೆ ಸಿಕ್ಕಿ ನಿಂತ ಗಾಳಿ. ದಪ್ಪನೆಯ ಒಂದು ಅಂಗಿಗಿಂತ ತೆಳ್ಳನೆಯ ಎರಡು ಅಂಗಿಗಳು ಅವುಗಳ ನಡುವೆಯೂ ಒಂದು ಪದರ ಗಾಳಿಯನ್ನು ಹಿಡಿದಿಡುತ್ತವೆ. ಬಿಸಿಲೇರಿದಾಗ ಒಂದನ್ನು ಕಳೆಯಲೂ ಬರುತ್ತದೆ. ಇಂಡಿ, ಸಿಂದಗಿಗಳಂಥ ಊರಿನಲ್ಲಿ ಬೆಳಿಗ್ಗೆ ನಡುಗಿ ಮಧ್ಯಾಹ್ನ ಬೆವರುವ ಶಾಲೆಯ ಮಕ್ಕಳಿಗೆ ನಾಲ್ಕೆಳೆಯ ದಪ್ಪದ ತೋಳಿಲ್ಲದ ಸ್ವೆಟರು ಧಾರಾಳವಾಗಿ ಸಾಕು. ಕೂಸುಗಳಿಗೆ ಅದಕ್ಕಿಂತಲೂ ತೆಳುವಾದದ್ದು ಹಿತ. ಡಬಲ್ ನಿಟಿಂಗ್ ದಪ್ಪ ಉತ್ತರದ ಊರುಗಳಿಗೆ ಹೋಗುವವರಿಗೂ ಚಳಿ ತಾಳಲಾರದ ವೃದ್ಧರಿಗೂ ಇರಲಿ. ಅದಕ್ಕಿಂತ ದಪ್ಪನೆಯದು ಮಫ್ಲರು, ಹೊದಿಕೆ, ಕಾಲುಚೀಲಗಳಿಗೆ ಸಾಕು.

ಸಿಂದಗಿಯ ಮನೆಗೆ ಮರಳಿದರೆ, ತಂಗಿಗೆ ದಾರವನ್ನು ಎಸೆಯುವ ಪ್ರಮೇಯ ಬರಲಿಲ್ಲ. ಡೆಹರಾಡೂನಿಗೆ ಆ ದಪ್ಪವೇ ತಕ್ಕದ್ದು. ತಪ್ಪಿದ್ದು ಕಡ್ಡಿ ಮತ್ತು ಲೆಕ್ಕ. ಹೆಣೆದುದನ್ನು ಬಿಚ್ಚಿ, ಸುರುಳಿಯಾಗಿದ್ದ ದಾರವನ್ನು ಲಡಿ ಮಾಡಿ ಕಟ್ಟಿ, ನೀರಿನಲ್ಲಿ ನೆನೆಸಿ, ಕೆಳಗೆ ಹಗುರವಾದ ಭಾರ ಇಳಿಬಿಟ್ಟು ಒಣಗಿಸಿದಳು, ದಾರ ನೆಟ್ಟಗಾಯಿತು. 8ನೆಯ ನಂಬರಿನ ಕಡ್ಡಿಯಲ್ಲಿ ಮೊದಲು ಒಂದು ತುಂಡು ಹೆಣೆದಳು. 10 ಸೆಂಟಿಮೀಟರಿಗೆ 22 ಕುಣಿಕೆ ಬಂತು. 48 ಸೆಂಟಿಮೀಟರಿಗೆ 106 ಕುಣಿಕೆಯಾಯಿತು. ಉದ್ದವನ್ನು ಮಾದರಿಯ ಸಾಲುಗಳಿಂದ ಎಣಿಸದೆ ಅಳತೆಪಟ್ಟಿಯಿಂದ ಅಳೆದಳು.

ಒಂದು ತೊಡಕು ಉಳಿದಿತ್ತು. ಮಾದರಿಯ 400 ಗ್ರಾಂ ತೆಳುದಾರದಲ್ಲಿ 1600 ಮೀಟರ್ ಉದ್ದವಿದ್ದರೆ ಅವಳ 400 ಗ್ರಾಂ ದಪ್ಪದಾರದಲ್ಲಿದ್ದುದು 900 ಮೀಟರ್. ದಪ್ಪದಾರದ ಸ್ವೆಟರಿಗೆ ಉದ್ದ ಕಡಿಮೆ ಸಾಕಾದರೂ ಅಷ್ಟು ಕಡಿಮೆ ಸಾಲದು. ಇನ್ನೂ ಒಂದೂವರೆಯಿಂದ ಎರಡು ನೂರು ಗ್ರಾಂ ಬೇಕಾಗಿತ್ತು. ಅಂಗಡಿಯಲ್ಲಿ ಅದೇ ನೀಲಿ ಮುಗಿದುಹೋಗಿ, ಬೇರೊಂದು ಬಾರಿ ಬಣ್ಣ ಕಟ್ಟಿದ ನೀಲಿ ಬಂದಿತ್ತು. ಪಕ್ಕದಲ್ಲಿಟ್ಟರೆ ಭೇದ ಕಾಣುತ್ತಿತ್ತು. ಅವಳು ಅದೇ ದಪ್ಪದ ಬೂದುಬಣ್ಣದ ದಾರ ತಂದು ಕೆಳಪಟ್ಟಿ, ತೋಳಿನ ಕೊನೆ, ಕೊರಳುಗಳಿಗೆ ಅದನ್ನು ಬಳಸಿದಳು. ಈ ಸಲ ಚೀಟಿಯನ್ನು ಓದಿ ಕೊಂಡಳು, ಮನೆಗೆ ಬಂದು ಸುತ್ತಿಯೂ ನೋಡಿದಳು.

ಆದರೂ ಅಣ್ಣ ಹೊರಡುವ ದಿನಕ್ಕೆ ಒಂದು ತೋಳು ಬಾಕಿ ಉಳಿಯಿತು. ಕಳೆದ ಎರಡು ವಾರಗಳು ಮರಳಿ ಬರುವಂತಿರಲಿಲ್ಲ. ಸೊಲ್ಲಾಪುರದ ಬಸ್ಸು ಹತ್ತುವ ಹೊತ್ತಿಗೆ ಅಜ್ಜಿ ತಮ್ಮ ಕರಿಯ ಕಂಬಳಿಯನ್ನು ಮಡಚಿ ಅವನ ಚೀಲದ ಮೇಲಿಟ್ಟರು. "ಚುಚ್ಚತೈತಿ ಆಯೀ" ಎಂದ ಮೊಮ್ಮಗನಿಗೆ ಅವರು ಹೇಳಿದ್ದಿಷ್ಟೆ:

"ಮೈಗೆ ಅಲ್ಲಪಾ. ಚಾದರದ ಮ್ಯಾಲ ಹಾಕ್ಕೊ. ಇದು ಮ್ಯಾಲ ಹಾಕ್ಕೊಳ್ಳಾಕ ನೂತಿದ್ದು."

ಸ್ವೆಟರು ಎಳ್ಳಮಾವಾಸ್ಯೆಗೆ ಮುಂಚೆ ಅಂಚೆಯಲ್ಲಿ ಹೋಯಿತು. ಅಳತೆ ಸರಿಯಾಗಿದೆಯೆಂದು ಅಣ್ಣನಿಂದ ಫೋನು ಬಂತು. ತಂಗಿ ಆ ಮಾದರಿಯ ತುಂಡನ್ನು ಬಿಚ್ಚದೆ, ದಾರದ ಚೀಟಿಯನ್ನು ಅದಕ್ಕೆ ಹೊಲಿದು, ಕಡ್ಡಿಯ ನಂಬರನ್ನೂ ಕುಣಿಕೆಯ ಲೆಕ್ಕವನ್ನೂ ಬರೆದು ಹಳೆಯ ವಾರಪತ್ರಿಕೆಯ ಹಾಳೆಯೊಡನೆ ಡಬ್ಬಿಯಲ್ಲಿಟ್ಟಳು. ಹೆಣಿಗೆ ಕಲಿಯುವ ಪ್ರತಿಯೊಂದು ಮನೆಯಲ್ಲಿಯೂ ಅಂಥದೊಂದು ಡಬ್ಬಿ ಇರಬೇಕು. ಹೊಸ ದಾರ ತಂದ ದಿನ ಕಡ್ಡಿಯನ್ನು ಕೈಗೆತ್ತಿಕೊಳ್ಳುವ ಮೊದಲು ಅದನ್ನು ತೆರೆದು ನೋಡಿದರೆ ಸಾಕು, ಎರಡು ವಾರಗಳ ರಾತ್ರಿಗಳು ಉಳಿಯುತ್ತವೆ.